ಲೆಪ್ಟೋನಿಕಾ ಸಿಗಲಿಲ್ಲ ಅನ್ನೋ ಕಂಪ್ಯೂಟರ್ ಮುಂದೆ ಕೂತು

ಹಳೇ ಕರಪತ್ರಗಳನ್ನ ಸ್ಕ್ಯಾನ್ ಮಾಡ್ತಿರೋ ನಮ್ಮ ಗುಂಪಿನಲ್ಲಿ ಒಂದು ತಿಂಗಳಿಂದ ಒಂದೇ ಪ್ರಶ್ನೆ ಸುತ್ತುತ್ತಿದೆ. "ಅಣ್ಣ, ಟೆಸೆರಾಕ್ಟ್ ಕಂಪೈಲ್ ಮಾಡೋಕೆ ಹೋದೆ, ಏನೋ ಲೈಬ್ರರಿ ಇಲ್ಲ ಅಂತಿದೆ, ಏನ್ ಮಾಡ್ಲಿ?" ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಒಂದೇ ಸಲ ಇಲ್ಲಿ ಬರೆದುಬಿಡ್ತೀನಿ. ಉದ್ದ ಇದೆ. ಕಂಪ್ಯೂಟರ್ ಉಸಾಬರಿ ಬೇಡ ಅನ್ನೋರೂ ಓದಬಹುದು, ನಡುನಡುವೆ ನಮ್ಮ ಕಥೆಯೂ ಇದೆ.

ಕಮಾಂಡುಗಳನ್ನ ಬೇಕಂತಲೇ ಕನ್ನಡ ಅಕ್ಷರದಲ್ಲಿ ಬರೆದಿದ್ದೀನಿ. ನಮ್ಮಲ್ಲಿ ಅರ್ಧ ಜನ ಇದನ್ನ ಫೋನಲ್ಲಿ ಒಬ್ಬರು ಓದಿ, ಇನ್ನೊಬ್ಬರು ಟೈಪ್ ಮಾಡೋದು. ಓದೋಕೆ ಕನ್ನಡವೇ ಸರಿ.

ಇದೆಲ್ಲ ಯಾಕೆ ಅಂತ ಮೊದಲು ಹೇಳ್ತೀನಿ. ನಮ್ಮ ಹಿರಿಯ ಸಂಗಾತಿಯೊಬ್ಬರ ಮನೆ ಅಟ್ಟದ ಮೇಲೆ ಎರಡು ಟ್ರಂಕ್ ಇದ್ದವು. ಎಪ್ಪತ್ತು ಎಂಬತ್ತರ ದಶಕದ ಕರಪತ್ರಗಳು, ಸೈಕ್ಲೋಸ್ಟೈಲ್ ಮಾಡಿದ ಸಭೆಯ ನಡಾವಳಿಗಳು, 'ಪಂಚಮ' ಪತ್ರಿಕೆಯ ಬಿಡಿ ಸಂಚಿಕೆಗಳು, ದೌರ್ಜನ್ಯ ನಡೆದ ಊರುಗಳಿಗೆ ಹೋಗಿ ಬಂದವರು ಬರೆದ ವರದಿಗಳು. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಹೊತ್ತಿಕೊಂಡ ಗಲಾಟೆಯ ಕಾಲದ್ದು ಅಂತ ಹೇಳೋ ಒಂದು ಹಾಳೆಯೂ ಇದೆ. ಎಲ್ಲ ನ್ಯೂಸ್‌ಪ್ರಿಂಟ್ ಕಾಗದ. ಮಡಿಚಿದ ಗೆರೆಯಲ್ಲೇ ಪುಡಿಯಾಗಿ ಉದುರುತ್ತೆ. ಬಿ. ಕೃಷ್ಣಪ್ಪನವರ ಕಾಲದ ದಲಿತ ಸಂಘರ್ಷ ಸಮಿತಿ ಬಗ್ಗೆ ಪಿಎಚ್‌ಡಿ ಮಾಡೋರಿಗೆ ಪುಸ್ತಕ ಸಿಗುತ್ತೆ. ಆದ್ರೆ ಯಾವ ತಾಲ್ಲೂಕಿನಲ್ಲಿ ಯಾವ ದಿನ ಯಾರು ಜಾಥಾ ತೆಗೆದ್ರು, ಎಷ್ಟು ಎಕರೆ ಜಮೀನಿಗೆ ಹೋರಾಟ ಮಾಡಿದ್ರು ಅನ್ನೋದು ಈ ಟ್ರಂಕ್‌ನಲ್ಲಿ ಮಾತ್ರ ಇದೆ. ಫೋಟೋ ತೆಗೆದಿಟ್ರೆ ಉಳಿಯುತ್ತೆ ನಿಜ, ಹುಡುಕೋಕೆ ಆಗಲ್ಲ. ಸಾವಿರಾರು ಚಿತ್ರಗಳಲ್ಲಿ ಒಂದು ಊರಿನ ಹೆಸರು ಎಲ್ಲಿದೆ ಅಂತ ಕಣ್ಣು ಹಾಯಿಸ್ತಾ ಕೂರೋದಾ? ಚಿತ್ರದಿಂದ ಅಕ್ಷರ ತೆಗೆಯೋ ಸಾಫ್ಟ್‌ವೇರ್ ಬೇಕು. ಅದಕ್ಕೇ ಓಸಿಆರ್ ಅನ್ನೋದು.

"ಆನ್‌ಲೈನಲ್ಲಿ ಅಪ್‌ಲೋಡ್ ಮಾಡಿದ್ರೆ ಚಕ್ ಅಂತ ಬರುತ್ತಲ್ಲ ಸಾರ್" ಅಂತ ಹುಡುಗರು ಕೇಳ್ತಾರೆ. ಬರುತ್ತೆ. ಆದ್ರೆ ಈ ಹಾಳೆಗಳಲ್ಲಿ ಸಾಕ್ಷಿ ಹೇಳಿದವರ ಹೆಸರಿದೆ, ಅವರ ಮನೆ ಯಾವ ಬೀದಿ ಅಂತ ಇದೆ, ಹೆಣ್ಣುಮಕ್ಕಳ ಹೇಳಿಕೆಗಳಿವೆ. ಕಂಬಾಲಪಲ್ಲಿ ನೆನಪಿದೆಯಲ್ಲ. 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನ ಮನೆಯೊಳಗೇ ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿದ್ರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಸಾಕ್ಷಿ ಹೇಳೋದು ಅಂದ್ರೆ ನಮ್ಮಲ್ಲಿ ಏನರ್ಥ ಅಂತ ಗೊತ್ತಿರೋರು ಇಂಥ ಹಾಳೆಯನ್ನ ಯಾರದೋ ಸರ್ವರಿಗೆ ಕಳಿಸಲ್ಲ. ಕೆಲಸ ನಮ್ಮ ಮೇಜಿನ ಮೇಲೆ, ನಮ್ಮ ಮೆಷಿನ್ನಲ್ಲಿ, ಬೇಕಾದ್ರೆ ಇಂಟರ್ನೆಟ್ ವೈರ್ ಕಿತ್ತಿಟ್ಟು ಆಗಬೇಕು.

ಹಾಗೆ ಮಾಡೋಕೆ ಇರೋದು ಟೆಸೆರಾಕ್ಟ್. 1985ರಿಂದ 94ರವರೆಗೆ ಎಚ್‌ಪಿ ಕಂಪನಿಯ ಲ್ಯಾಬಿನಲ್ಲಿ ಬೆಳೆದು, ಆಮೇಲೆ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. 2005ರಲ್ಲಿ ಅದರ ಸೋರ್ಸ್ ಕೋಡನ್ನ ಎಲ್ಲರಿಗೂ ಬಿಟ್ಟುಕೊಟ್ರು. ಮುಂದಿನ ವರ್ಷದಿಂದ ಗೂಗಲ್ ಪೋಷಿಸ್ತು. 2018ರ ನಾಲ್ಕನೇ ಆವೃತ್ತಿಗೆ ನ್ಯೂರಲ್ ನೆಟ್‌ವರ್ಕ್ ಬಂತು, ಐದನೆಯದು 2021ರಲ್ಲಿ. ಕನ್ನಡಕ್ಕೂ ಅದರಲ್ಲಿ ಜಾಗ ಇದೆ. ಇವತ್ತಿನ ಕಂಪ್ಯೂಟರ್ ಅಕ್ಷರಗಳನ್ನ ಚೆನ್ನಾಗೇ ಓದುತ್ತೆ. ಮೊಳೆ ಜೋಡಿಸಿ ಅಚ್ಚು ಹಾಕಿದ ಹಳೇ ಕರಪತ್ರ ಕೊಟ್ರೆ ಮಾತ್ರ ತಡವರಿಸುತ್ತೆ. ಒತ್ತಕ್ಷರ ಸವೆದಿದ್ರೆ ಬಿಟ್ಟೇ ಬಿಡುತ್ತೆ. 'ದಲಿತ' ಅನ್ನೋ ಪದವನ್ನೇ ನಾಲ್ಕು ಥರ ಓದಿದ್ದನ್ನ ನೋಡಿದ್ದೀನಿ. ಹಾಗಾಗಿ ನಮ್ಮ ಅಕ್ಷರಗಳನ್ನ ನಾವೇ ಅದಕ್ಕೆ ಕಲಿಸಬೇಕು. ಕಲಿಸೋ ಉಪಕರಣಗಳಿಗೆ ಐದನೇ ಸರಣಿ ಬೇಕು. ನಮ್ಮ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಉಬುಂಟು 20.04 ಕೊಡೋದು 4.1.1. ಇನ್ನೇನು, ಸೋರ್ಸಿನಿಂದ ಕಟ್ಟಿಕೊಳ್ಳೋದೇ ದಾರಿ.

ಕಟ್ಟೋದು ಅಂದಕೂಡಲೇ ಶುರುವಾಗುತ್ತೆ ನೋಡಿ 'ಅದಿಲ್ಲ, ಇದಿಲ್ಲ'.

ಯಾಕೆ ಹೀಗೆ ಅಂದ್ರೆ, ಟೆಸೆರಾಕ್ಟಿಗೆ ಚಿತ್ರ ತೆರೆಯೋಕೆ ಬರಲ್ಲ. ಆ ಕೆಲಸವನ್ನ ಲೆಪ್ಟೋನಿಕಾ ಅನ್ನೋ ಲೈಬ್ರರಿಗೆ ಒಪ್ಪಿಸಿದೆ. ಡ್ಯಾನ್ ಬ್ಲೂಮ್‌ಬರ್ಗ್ ಅನ್ನೋರು ಬರೆದದ್ದು ಅದು. ಲೆಪ್ಟೋನಿಕಾ ತಾನೂ ಎಲ್ಲ ಮಾಡಲ್ಲ. ಪಿಎನ್‌ಜಿ ಚಿತ್ರ ಬಂದ್ರೆ ಲಿಬ್‌ಪಿಎನ್‌ಜಿ ಕಡೆ ಕೈ ತೋರಿಸುತ್ತೆ, ಸ್ಕ್ಯಾನರಿನ ಟಿಫ್ ಬಂದ್ರೆ ಲಿಬ್‌ಟಿಫ್ ಕಡೆ. ಲಿಬ್‌ಪಿಎನ್‌ಜಿಗೆ ಮತ್ತೆ ಝಡ್‌ಲಿಬ್ ಬೇಕು. ಕಲಿಸೋ ಉಪಕರಣಗಳಿಗೆ ಯೂನಿಕೋಡ್ ತಿಳಿದ ಐಸಿಯು ಬೇಕು, ಕನ್ನಡ ಅಕ್ಷರ ಜೋಡಿಸಿ ಬರೆಯೋಕೆ ಪ್ಯಾಂಗೋ ಮತ್ತು ಕೈರೋ ಬೇಕು. ಮದುವೆ ಊಟಕ್ಕೆ ಎಲೆ ಮುಂದೆ ಕೂತೋರಿಗೆ ಬಡಿಸೋನು ಕಾಣ್ತಾನೆ. ಪಾತ್ರೆ ತೊಳೆದೋರು, ಸೌದೆ ಸೀಳಿದೋರು, ಎಲೆ ಎತ್ತೋರು ಹಿತ್ತಲಲ್ಲಿ. ಆ ಹಿತ್ತಲಿನ ಪಟ್ಟಿಗೇ ಡಿಪೆಂಡೆನ್ಸಿ ಅಂತ ಹೆಸರು.

ಇಲ್ಲಿ ಒಂದು ಸೂಕ್ಷ್ಮ ಇದೆ, ನೂರರಲ್ಲಿ ತೊಂಬತ್ತು ಜನ ಇಲ್ಲೇ ಎಡವೋದು. ಲೈಬ್ರರಿ ಸಿಸ್ಟಮ್ಮಲ್ಲಿ ಇದ್ದೇ ಇರುತ್ತೆ, ಆದ್ರೂ ಇಲ್ಲ ಅನ್ನುತ್ತೆ. ಯಾಕಂದ್ರೆ ಉಬುಂಟು, ಡೆಬಿಯನ್‌ನಲ್ಲಿ ಒಂದೊಂದು ಲೈಬ್ರರಿಯೂ ಎರಡು ಪೊಟ್ಟಣ. ಒಂದು ಓಡಿಸೋಕೆ ಮಾತ್ರ. ಇನ್ನೊಂದು ಅದನ್ನ ಬಳಸಿ ಹೊಸದು ಕಟ್ಟೋಕೆ: ಒಳಗೆ ಯಾವ ಫಂಕ್ಷನ್ ಇದೆ, ಅದನ್ನ ಹೇಗೆ ಕರೀಬೇಕು ಅಂತ ಹೇಳೋ ಹೆಡರ್ ಕಡತಗಳು ಇದರಲ್ಲಿರುತ್ತವೆ. ಇದರ ಹೆಸರಿನ ಕೊನೆಗೆ 'ಡೆವ್' ಅಂತ ಇರುತ್ತೆ, ಫೆಡೋರಾದಲ್ಲಿ 'ಡೆವೆಲ್'. ಮೊದಲನೆಯದಷ್ಟೇ ಇದ್ರೆ ಹೋಟೆಲಲ್ಲಿ ತಿಂದು ಹೋಗೋ ಗಿರಾಕಿ ನೀವು, ಅಡುಗೆಮನೆಯ ಬಾಗಿಲು ಮುಚ್ಚಿರುತ್ತೆ. ನಮಗೆ ಹೋಟೆಲ್ ಒಳಗೂ ಬಿಡದ ಊರುಗಳು ಇವತ್ತಿಗೂ ಇವೆ, ಪ್ರತ್ಯೇಕ ಲೋಟದ ವಿಷಯ ನಿಮಗೆ ನಾನು ಹೇಳಬೇಕಿಲ್ಲ. ಇಲ್ಲಿನ ವ್ಯತ್ಯಾಸ ಏನಂದ್ರೆ, ಈ ಅಡುಗೆಮನೆಯ ಕೀ ಪುಕ್ಕಟೆ. ಯಾರ ಶಿಫಾರಸೂ ಬೇಡ. ಡೆವ್ ಪೊಟ್ಟಣದ ಹೆಸರು ಗೊತ್ತಿದ್ರೆ ಆಪ್ಟ್ ಇನ್‌ಸ್ಟಾಲ್ ಅಂತ ಒಂದೇ ಸಾಲು.

ಹೆಸರು ಗೊತ್ತಿದ್ರೆ! ಸಮಸ್ಯೆ ಇರೋದೇ ಅಲ್ಲಿ. ಲೆಪ್ಟೋನಿಕಾವನ್ನೇ ತಗೊಳ್ಳಿ. ಡಿಸ್ಕಿನ ಮೇಲೆ ಅದರ ಕಡತದ ಹೆಸರು ಲಿಬ್‌ಲೆಪ್ಟ್. ಓಡಿಸೋ ಪೊಟ್ಟಣಕ್ಕೆ ಲಿಬ್‌ಲೆಪ್ಟ್5. ಕಟ್ಟೋ ಪೊಟ್ಟಣಕ್ಕೆ ಲಿಬ್‌ಲೆಪ್ಟೋನಿಕಾ-ಡೆವ್. ಯಾವ ಲೈಬ್ರರಿ ಎಲ್ಲಿದೆ ಅಂತ ಹುಡುಕಿಕೊಡೋ ಪಿಕೆಜಿ-ಕಾನ್ಫಿಗ್ ಅನ್ನೋ ಉಪಕರಣಕ್ಕೆ ಅದು ಬರೀ 'ಲೆಪ್ಟ್'. ಒಂದೇ ಜೀವಕ್ಕೆ ನಾಲ್ಕು ಹೆಸರು. ಇದನ್ನ ಮೊದಲ ಸಲ ನೋಡಿದಾಗ ನನಗೆ ನಗು ಬಂತು. ನಮ್ಮಪ್ಪನಿಗೆ ಮನೆಯಲ್ಲಿ ಕರೆಯೋದು ಒಂದು ಹೆಸರು, ಮೇಷ್ಟ್ರು ಶಾಲೆ ದಾಖಲಾತಿಯಲ್ಲಿ ತಮಗೆ ತೋಚಿದ್ದನ್ನ ಬರೆದದ್ದು ಒಂದು, ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಕೊನೆಯ ಅಕ್ಷರ ಬೇರೆ. ನನ್ನ ಜಾತಿ ಪ್ರಮಾಣಪತ್ರಕ್ಕೆ ಅಂತ ಹೋದಾಗ ಆ ಕಚೇರಿಯವರು ಹೇಳಿದ್ದು ಒಂದೇ ಮಾತು: ಹೊಂದಾಣಿಕೆ ಇಲ್ಲ, ಸಿಗ್ತಿಲ್ಲ. ಅಪ್ಪ ಪಕ್ಕದಲ್ಲೇ ಟವಲ್ ಹಿಡ್ಕೊಂಡು ನಿಂತಿದ್ರು. ಕಣ್ಣ ಮುಂದೆ ಇರೋ ಮನುಷ್ಯ ಸಿಗ್ತಿಲ್ಲ ಅಂತ! ಅಲ್ಲಿಂದಾಚೆಗೆ 'ನಾಟ್ ಫೌಂಡ್' ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ, ನಾನು ಹುಡುಕಿದ ಹೆಸರಲ್ಲಿ, ನಾನು ಹುಡುಕಿದ ಜಾಗದಲ್ಲಿ ಇಲ್ಲ ಅಂತ ಅರ್ಥ ಅನ್ನೋದು ನನಗೆ ಯಾರೂ ಹೇಳಿಕೊಡಬೇಕಾಗಿ ಬರಲಿಲ್ಲ.

ಈಗ ಒಂದೊಂದಾಗಿ ಬರೋಣ. ಸೋರ್ಸ್ ಫೋಲ್ಡರಿನೊಳಗೆ ಹೋಗಿ ಮೊದಲು ಆಟೋಜೆನ್ ಓಡಿಸ್ತೀವಿ, ಆಮೇಲೆ ಕಾನ್ಫಿಗರ್, ಆಮೇಲೆ ಮೇಕ್. ಆಟೋಜೆನ್ ಮುಗಿದು ಕಾನ್ಫಿಗರ್ ಓಡೋವಾಗ 'ಸಿಂಟ್ಯಾಕ್ಸ್ ಎರರ್' ಅಂತ ಬಂದು, ಪಕ್ಕದಲ್ಲಿ ಲೆಪ್ಟೋನಿಕಾ ಹೆಸರು ಕಂಡ್ರೆ ಲೆಪ್ಟೋನಿಕಾ ಹಿಂದೆ ಓಡಬೇಡಿ. ಅದರದ್ದೇನೂ ತಪ್ಪಿಲ್ಲ. ನಿಮ್ಮ ಮೆಷಿನ್ನಲ್ಲಿ ಪಿಕೆಜಿ-ಕಾನ್ಫಿಗ್ ಇಲ್ಲ. ಅದಿಲ್ಲದೆ ಕಾನ್ಫಿಗರ್ ಸ್ಕ್ರಿಪ್ಟು ಅರೆಬರೆಯಾಗಿ ತಯಾರಾಗಿದೆ, ಲೆಪ್ಟೋನಿಕಾ ಬಗ್ಗೆ ಕೇಳೋ ಸಾಲಿಗೆ ಬಂದಾಗ ಮುಗ್ಗರಿಸಿದೆ ಅಷ್ಟೆ. ಯಾರ ಹೆಸರು ಎಫ್‌ಐಆರ್‌ನಲ್ಲಿದೆಯೋ ಅವರೇ ಅಪರಾಧಿ ಆಗಿರಬೇಕಿಲ್ಲ ಅನ್ನೋದು ನಮಗೆ ಹೊಸದಲ್ಲ. ಪಿಕೆಜಿ-ಕಾನ್ಫಿಗ್ ಹಾಕಿ. ಹಾಕಿದ ಮೇಲೆ ಆಟೋಜೆನ್‌ನಿಂದಲೇ ಮತ್ತೆ ಶುರು ಮಾಡಿ, ಬರೀ ಕಾನ್ಫಿಗರ್ ಓಡಿಸಿದ್ರೆ ಹಳೇ ಮುರುಕು ಸ್ಕ್ರಿಪ್ಟೇ ಓಡೋದು. ಆಟೋಜೆನ್ನೇ ನಿಂತ್ರೆ ಆಟೋಕಾನ್ಫ್, ಆಟೋಮೇಕ್, ಲಿಬ್‌ಟೂಲ್ ಈ ಮೂರು ಇವೆಯಾ ನೋಡಿಕೊಳ್ಳಿ.

ಮುಂದಿನದು, 'ಲೆಪ್ಟೋನಿಕಾ 1.74 ಅಥವಾ ಮೇಲಿನದು ಬೇಕು, ಲಿಬ್‌ಲೆಪ್ಟೋನಿಕಾ-ಡೆವ್ ಹಾಕಿ ನೋಡಿ' ಅನ್ನೋ ಅರ್ಥದ ಎರರ್. ಇದನ್ನ ಬರೆದ ಪುಣ್ಯಾತ್ಮನಿಗೆ ಒಂದು ನಮಸ್ಕಾರ. ಇಲ್ಲ ಅಂತ ಹೇಳಿ ಕಿಟಕಿ ಮುಚ್ಚಲಿಲ್ಲ. ಏನು ಬೇಕು, ಎಷ್ಟನೇ ಆವೃತ್ತಿ ಬೇಕು, ಯಾವ ಹೆಸರಲ್ಲಿ ಸಿಗುತ್ತೆ ಅಂತ ಒಂದೇ ಸಾಲಲ್ಲಿ ಹೇಳಿದ. ಆ ಕಚೇರಿಯ ಕಿಟಕಿಯೊಳಗಿಂದ ಹೀಗೆ ಒಂದು ಸಾಲು ಬಂದಿದ್ರೆ ಅಪ್ಪನ ಮೂರು ದಿನದ ಕೂಲಿ ಉಳೀತಿತ್ತು.

ಸಾಮಾನ್ಯವಾಗಿ ಆ ಪೊಟ್ಟಣ ಹಾಕಿದ್ರೆ ಮುಗೀತು. ನಮ್ಮ ಲ್ಯಾಪ್‌ಟಾಪಿನಲ್ಲಿ ಮುಗೀಲಿಲ್ಲ. ಪೊಟ್ಟಣ ಹಾಕಿದ್ದೀವಿ, ಉಬುಂಟು 20.04ರಲ್ಲಿ ಬರೋದು 1.79, ಕೇಳ್ತಿರೋದು 1.74. ಆದ್ರೂ ಅದೇ ಎರರ್. ಒಂದು ಸಂಜೆ ಪೂರ್ತಿ ಹೋಯ್ತು. ಇಂಥಾ ಕಡೆ ಕೇಳಬೇಕಾದ ಪ್ರಶ್ನೆ 'ಇದೆಯಾ' ಅಂತಲ್ಲ, 'ನಿನಗೆ ಯಾವುದು ಕಾಣ್ತಿದೆ' ಅಂತ. ಪಿಕೆಜಿ-ಕಾನ್ಫಿಗ್‌ಗೆ 'ಮಾಡ್‌ವರ್ಷನ್ ಲೆಪ್ಟ್' ಅಂತ ಕೇಳಿದೆ. ಉತ್ತರ: 1.73. ಎಲ್ಲಿಂದ ಬಂತಪ್ಪ ಇದು? ಈ ಲ್ಯಾಪ್‌ಟಾಪನ್ನ ನಮಗಿಂತ ಮುಂಚೆ ಬಳಸ್ತಿದ್ದೋರು ಯಾವಾಗಲೋ ಲೆಪ್ಟೋನಿಕಾ ಸೋರ್ಸಿನಿಂದ ಕಟ್ಟಿದ್ರು. ಸೋರ್ಸಿನಿಂದ ಕಟ್ಟಿದ್ದೆಲ್ಲ ಯುಎಸ್‌ಆರ್ ಕೆಳಗಿನ ಲೋಕಲ್ ಅನ್ನೋ ಫೋಲ್ಡರಿಗೆ ಹೋಗುತ್ತೆ. ಪಿಕೆಜಿ-ಕಾನ್ಫಿಗ್ ಮೊದಲು ಹುಡುಕೋದು ಅಲ್ಲೇ. ಅಲ್ಲಿ ಸಿಕ್ಕಿತು ಅಂದ್ರೆ ಮುಂದಕ್ಕೆ ನೋಡೋದೇ ಇಲ್ಲ. ಒಳಗೆ 1.79 ಹೊಸ ಬಟ್ಟೆ ತೊಟ್ಟು ಕೂತಿದ್ರೂ, ಬಾಗಿಲಲ್ಲಿ ಕೂತಿರೋ ಹಳೇ ಯಜಮಾನನೇ ಮಾತಾಡ್ತಿದ್ದ.

ಕಟ್ಟಿದ ಹಳೇ ಫೋಲ್ಡರ್ ಇನ್ನೂ ಇದ್ರೆ ಅದರೊಳಗೆ ಹೋಗಿ 'ಸುಡೋ ಮೇಕ್ ಅನ್‌ಇನ್‌ಸ್ಟಾಲ್' ಅಂದ್ರೆ ತಾನಾಗಿ ಹೋಗುತ್ತೆ. ನಮಗೆ ಫೋಲ್ಡರ್ ಸಿಗಲಿಲ್ಲ. ಲೋಕಲ್ ಒಳಗಿನ ಲಿಬ್‌ನಲ್ಲಿದ್ದ ಲಿಬ್‌ಲೆಪ್ಟ್ ಕಡತಗಳು, ಪಿಕೆಜಿಕಾನ್ಫಿಗ್ ಫೋಲ್ಡರಿನ ಲೆಪ್ಟ್ ಚುಕ್ಕಿ ಪಿಸಿ, ಇನ್‌ಕ್ಲೂಡ್ ಒಳಗಿನ ಲೆಪ್ಟೋನಿಕಾ ಫೋಲ್ಡರ್, ಇಷ್ಟನ್ನೂ ಕೈಯಾರೆ ಎತ್ತಿ ಬೇರೆ ಕಡೆ ಇಟ್ವಿ. ಅಳಿಸಬೇಡಿ, ಮೊದಲು ಎತ್ತಿಡಿ. ಆಮೇಲೆ 'ಸುಡೋ ಎಲ್‌ಡಿಕಾನ್ಫಿಗ್'. ಮತ್ತೆ ಕೇಳಿದ್ರೆ 1.79. ಕಾನ್ಫಿಗರ್ ಸಲೀಸಾಗಿ ಹೋಯ್ತು.

ಇನ್ನೊಂದಿದೆ, ಅದು ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದ್ರೆ ಎರರೇ ಬರಲ್ಲ. ಕೆಲವರು ಲೆಪ್ಟೋನಿಕಾವನ್ನೂ ಸೋರ್ಸಿನಿಂದಲೇ ಕಟ್ಟಿಕೊಳ್ತಾರೆ. ಆಗ ಲಿಬ್‌ಪಿಎನ್‌ಜಿಯ ಡೆವ್ ಪೊಟ್ಟಣ ಇಲ್ಲದಿದ್ರೆ ಅದು ಗಲಾಟೆ ಮಾಡಲ್ಲ. ಪಿಎನ್‌ಜಿ ಓದೋ ಶಕ್ತಿಯನ್ನ ಸದ್ದಿಲ್ಲದೆ ಕೈಬಿಟ್ಟು, ಎಲ್ಲ ಸರಿಯಾಗಿದೆ ಅನ್ನೋ ಹಾಗೆ ಕಟ್ಟಿ ಮುಗಿಸುತ್ತೆ. ಟೆಸೆರಾಕ್ಟೂ ಅದರ ಮೇಲೆ ಚೆನ್ನಾಗೇ ಕೂರುತ್ತೆ. ವಾರದ ನಂತರ ನೀವು ಪಿಎನ್‌ಜಿ ಚಿತ್ರ ಕೊಟ್ಟಾಗ 'ಫಂಕ್ಷನ್ ನಾಟ್ ಪ್ರೆಸೆಂಟ್' ಅನ್ನುತ್ತೆ. ನೀವು ಚಿತ್ರ ಕೆಟ್ಟಿದೆ ಅಂದ್ಕೊಂಡು ಮತ್ತೆ ಸ್ಕ್ಯಾನ್ ಮಾಡ್ತಾ ಕೂರ್ತೀರಿ. ಬೈದು ಓಡಿಸೋರ ಹತ್ರ ಜಗಳವಾದರೂ ಆಡಬಹುದು. ಪಟ್ಟಿಯಿಂದ ಹೆಸರು ಬಿಟ್ಟು, ಕೇಳಿದ್ರೆ 'ಎಲ್ಲರನ್ನೂ ಸೇರಿಸಿಕೊಂಡಿದ್ದೀವಲ್ಲ' ಅನ್ನೋರ ಹತ್ರ ಏನಂತ ಆಡೋದು. ಇದಕ್ಕೆ ಮದ್ದು ಸುಲಭ: 'ಟೆಸೆರಾಕ್ಟ್ ವರ್ಷನ್' ಅಂತ ಕೇಳಿ. ಬರೋ ಉತ್ತರದಲ್ಲಿ ಲೆಪ್ಟೋನಿಕಾ ಕೆಳಗೆ ಲಿಬ್‌ಜೆಪೆಗ್, ಲಿಬ್‌ಪಿಎನ್‌ಜಿ, ಲಿಬ್‌ಟಿಫ್ ಅಂತ ಸಾಲಾಗಿ ಇರುತ್ತೆ. ಯಾರ ಹೆಸರು ಆ ಸಾಲಲ್ಲಿ ಇಲ್ಲವೋ ಅವರನ್ನ ಒಳಗೆ ಸೇರಿಸಿಕೊಂಡಿಲ್ಲ. ಡೆವ್ ಪೊಟ್ಟಣ ಹಾಕಿ ಲೆಪ್ಟೋನಿಕಾ ಮತ್ತೆ ಕಟ್ಟಿ. ಐಸಿಯು, ಪ್ಯಾಂಗೋ, ಕೈರೋ ಇಲ್ಲದಿದ್ರೂ ಇದೇ ಕಥೆ. ಕಲಿಸೋ ಉಪಕರಣ ಕಟ್ಟಲ್ಲ ಅಂತ ಒಂದು ಎಚ್ಚರಿಕೆ ಸಾಲು ಬಂದು ಹೋಗುತ್ತೆ, ನಿಲ್ಲಲ್ಲ. ಕಾನ್ಫಿಗರ್ ಕೊನೆಯ ಹತ್ತು ಸಾಲು ಓದದೆ ಮೇಕ್ ಹೊಡೀಬೇಡಿ.

ಕಟ್ಟಿ ಇನ್‌ಸ್ಟಾಲ್ ಆದ ಮೇಲೆ ಓಡಿಸಿದ್ರೆ 'ಲಿಬ್‌ಟೆಸೆರಾಕ್ಟ್ ಎಸ್‌ಓ 5 ತೆರೆಯೋಕೆ ಆಗ್ತಿಲ್ಲ' ಅಂತ ಬರಬಹುದು. ಈಗ ತಾನೇ ಇಟ್ಟಿದ್ದೀವಿ! ಲೈಬ್ರರಿಗಳ ವಿಳಾಸಪಟ್ಟಿ ಹೊಸದಾಗಿ ಬರೆದಿಲ್ಲ ಅಷ್ಟೆ, 'ಸುಡೋ ಎಲ್‌ಡಿಕಾನ್ಫಿಗ್' ಸಾಕು. ಎಲ್‌ಡಿಡಿ ಅನ್ನೋ ಕಮಾಂಡಿಗೆ ಟೆಸೆರಾಕ್ಟ್ ಕಡತ ತೋರಿಸಿದ್ರೆ ಯಾವ ಲೈಬ್ರರಿ ಎಲ್ಲಿಂದ ಬರ್ತಿದೆ ಅಂತ ಪೂರ್ತಿ ವಂಶವೃಕ್ಷ ಬಿಚ್ಚಿಡುತ್ತೆ. ಕನ್ನಡ ಸಿಗ್ತಿಲ್ಲ ಅಂದ್ರೆ ಭಾಷೆಯ ಕಡತ ಬೇರೆಯಾಗಿ ತರಬೇಕು, ಸೋರ್ಸ್ ಜೊತೆ ಬರಲ್ಲ. ಕಲಿಸೋಕೆ 'ಬೆಸ್ಟ್' ಸಂಗ್ರಹದ್ದೇ ಬೇಕು, 'ಫಾಸ್ಟ್' ಕಡತಕ್ಕೆ ಮುಂದೆ ಕಲಿಸೋಕೆ ಆಗಲ್ಲ. ಇಟ್ಟ ಜಾಗವನ್ನ ಟೆಸ್‌ಡೇಟಾ ಪ್ರಿಫಿಕ್ಸ್ ಅನ್ನೋ ವೇರಿಯಬಲ್ಲಿಗೆ ಹೇಳಿ.

ಒಂದು ಸಲಹೆ ಎಲ್ಲ ಕಡೆ ಸಿಗುತ್ತೆ, ದಯವಿಟ್ಟು ಕೇಳಬೇಡಿ. 5 ಸಿಗದಿದ್ರೆ 4ರ ಕಡತಕ್ಕೇ 5 ಅಂತ ಹೆಸರಿಟ್ಟು ಲಿಂಕ್ ಹಾಕಿ ಅಂತ. ಆ ಸಂಖ್ಯೆ ಸುಮ್ನೆ ಇಟ್ಟದ್ದಲ್ಲ. ಒಳಗಿನ ಲೆಕ್ಕಾಚಾರ ಬದಲಾಗಿದೆ ಅಂತ ಹೇಳೋಕೇ ಸಂಖ್ಯೆ ಬದಲಾಯಿಸಿರೋದು. ಓಡಿದ ಹಾಗೆ ಮಾಡಿ ನಡುದಾರಿಯಲ್ಲಿ ಕೈಕೊಡುತ್ತೆ, ಅಥವಾ ಕೈಕೊಡದೆ ತಪ್ಪು ಉತ್ತರ ಕೊಡುತ್ತೆ.

ಇಷ್ಟೆಲ್ಲ ನಾನು ಕಲಿತದ್ದು ಕೇಳಿ ಕೇಳಿ. ಬಿ.ಎ. ಓದಿದೋನು ನಾನು. ಕೇಳಿದ ಕಡೆಯಲ್ಲೆಲ್ಲ ಒಬ್ಬನಾದ್ರೂ 'ಇಷ್ಟು ಬೇಸಿಕ್ ಗೊತ್ತಿಲ್ಲದೆ ಯಾಕೆ ಕಂಪೈಲ್ ಮಾಡೋಕೆ ಬರ್ತೀರಿ' ಅಂತಿದ್ದ. ಮೆರಿಟ್ ಭಾಷಣದ ಇನ್ನೊಂದು ಆವೃತ್ತಿ ಅದು. ಅದೇ ಜಾಗದಲ್ಲಿ ಪೂರ್ತಿ ಲಾಗ್ ಕಳಿಸಪ್ಪ ಅಂತ ತಾಳ್ಮೆಯಿಂದ ಓದಿ ಹೇಳಿದೋರೂ ಇದ್ದಾರೆ, ಅದನ್ನೂ ಹೇಳಲೇಬೇಕು. ಅವರಿಂದ ಕಲಿತ ಒಂದು ಮಾತು: ನೂರು ಸಾಲು ಎರರ್ ಬಂದ್ರೆ ಕೊನೆಯದನ್ನಲ್ಲ, ಮೊದಲನೆಯದನ್ನ ಓದು. ಉಳಿದ ತೊಂಬತ್ತೊಂಬತ್ತು ಅದರ ಮಕ್ಕಳು.

ಡಿಪೆಂಡೆನ್ಸಿ ಅಂದಾಗ ಇನ್ನೊಂದು ನೆನಪಾಗುತ್ತೆ. 2016ರ ಮಾರ್ಚ್‌ನಲ್ಲಿ ಅಝರ್ ಕೊಚುಲು ಅನ್ನೋ ಪ್ರೋಗ್ರಾಮರ್, ಒಂದು ಹೆಸರಿನ ಜಗಳದಲ್ಲಿ ಬೇಸತ್ತು ತನ್ನ ಪ್ಯಾಕೇಜುಗಳನ್ನ ಎನ್‌ಪಿಎಂನಿಂದ ಕಿತ್ತುಕೊಂಡ. ಅದರಲ್ಲಿ ಲೆಫ್ಟ್-ಪ್ಯಾಡ್ ಅನ್ನೋದು 11 ಸಾಲಿನದು. ಅದಿಲ್ಲದೆ ಪ್ರಪಂಚದಾದ್ಯಂತ ಸಾವಿರಾರು ಬಿಲ್ಡುಗಳು ನಿಂತವು. ಇಷ್ಟು ಚಿಕ್ಕದರ ಮೇಲೆ ನಿಂತಿದ್ವಾ ಅಂತ ದೊಡ್ಡ ಕಂಪನಿಗಳು ಬೆರಗಾದವು. 2022ರ ಜುಲೈನಲ್ಲಿ ಬೆಂಗಳೂರಿನ ಪೌರಕಾರ್ಮಿಕರು ಕಾಯಮಾತಿಗಾಗಿ ಪೊರಕೆ ಕೆಳಗಿಟ್ಟಾಗ ನಗರಕ್ಕೂ ಅದೇ ಬೆರಗು. ಆದ್ರೆ ಈ ಹೋಲಿಕೆಯನ್ನ ಬಹಳ ಎಳೀಬಾರದು ಅನ್ಸುತ್ತೆ. ಆತ ಬೇಸತ್ತು ಎದ್ದು ಹೋಗಬಹುದಿತ್ತು, ಹೋದ. ಎರಡು ಗಂಟೆಯಲ್ಲಿ ಅವನ ಕೋಡನ್ನ ಅವನಿಲ್ಲದೆಯೇ ವಾಪಸ್ ಹಾಕಿಕೊಂಡ್ರು. ನಮ್ಮ ಅಮ್ಮಂದಿರಿಗೆ ಎದ್ದು ಹೋಗೋ ಜಾಗವೇ ಇರಲಿಲ್ಲ, ಮಾರನೇ ದಿನದ ಅಕ್ಕಿ ಬೇಕಿತ್ತು.

ಸರಿ, ಈಗ ಎಲ್ಲಿದ್ದೀವಿ ಅಂದ್ರೆ, ಎರಡು ಮೆಷಿನ್ನಲ್ಲಿ ಐದನೇ ಆವೃತ್ತಿ ಕಲಿಸೋ ಉಪಕರಣ ಸಮೇತ ಓಡ್ತಿದೆ. ಇನ್ನು ಬೇಕಿರೋದು ಕಲಿಸೋ ಪಾಠ. ಕರಪತ್ರದ ಒಂದೊಂದು ಸಾಲನ್ನ ಬೇರೆ ಬೇರೆ ಚಿತ್ರ ಮಾಡಿ, ಪಕ್ಕದಲ್ಲಿ ಅದೇ ಹೆಸರಿನ ಪಠ್ಯ ಕಡತದಲ್ಲಿ ಆ ಸಾಲನ್ನ ಇದ್ದ ಹಾಗೆ ಟೈಪ್ ಮಾಡಬೇಕು. ಇದ್ದ ಹಾಗೆ ಅಂದ್ರೆ ಇದ್ದ ಹಾಗೆ. ಅಚ್ಚಿನ ತಪ್ಪು ತಿದ್ದಬೇಡಿ, ಗ್ರಂಥಸ್ಥ ಮಾಡಬೇಡಿ, ಆ ಕಾಲದವರು 'ಸಂಗರ್ಷ' ಅಂತ ಮೊಳೆ ಜೋಡಿಸಿದ್ರೆ ಹಾಗೇ ಬರೀಬೇಕು. ಯೂನಿಕೋಡಲ್ಲೇ ಬರೀರಿ, ಹಳೇ ಡಿಟಿಪಿ ಫಾಂಟ್ ಎನ್‌ಕೋಡಿಂಗ್ ಬೇಡ. ದಿನಕ್ಕೆ ಇಪ್ಪತ್ತು ಸಾಲು ಮಾಡೋ ಹತ್ತು ಜನ ಸಿಕ್ರೆ ಒಂದು ತಿಂಗಳಲ್ಲಿ ಆರು ಸಾವಿರ ಸಾಲು. ಮಾಡ್ತೀನಿ ಅನ್ನೋರು ಕಮೆಂಟಲ್ಲಿ ಹೇಳಿ, ಸಾಲುಗಳನ್ನ ನಾನೇ ಪೆನ್‌ಡ್ರೈವಿಗೆ ಹಾಕಿ ತಲುಪಿಸ್ತೀನಿ. ಸಾಕ್ಷಿ ಹೇಳಿಕೆಯ ಹಾಳೆಗಳು ಮನೆಯಿಂದ ಆಚೆ ಬರಲ್ಲ, ಅವನ್ನ ನಾವು ಮೂರು ಜನ ಮಾತ್ರ ಮುಟ್ತೀವಿ. ಎರರ್ ಬಂದೋರು ಸ್ಕ್ರೀನ್ ಫೋಟೋ ಹೊಡೆದು ಕಳಿಸಬೇಡಿ, ಕಾನ್ಫಿಗ್ ಚುಕ್ಕಿ ಲಾಗ್ ಅನ್ನೋ ಕಡತ ಪೂರ್ತಿ ಕಳಿಸಿ. ರಾತ್ರಿ ಒಂಬತ್ತರ ಮೇಲೆ ನೋಡ್ತೀನಿ.